ನೀರು ಕಡಿಮೆ ಮಾಡಿದರೂ ಅಪ್ಪನ ಕಾಲಿನ ಊತ ಇಳಿಯುತ್ತಿಲ್ಲ, ಯಾಕೆ?

ದೊಡ್ಡಮಗಳು
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 66 ವರ್ಷ. ಶುಗರ್, ಬಿಪಿ ಎರಡೂ ಹಳೆಯವು. ಕಿಡ್ನಿ ಕಾಯಿಲೆ ಈಗ 4ನೇ ಹಂತಕ್ಕೆ ಬಂದಿದೆ ಅಂದಿದ್ದಾರೆ, ಕಿಡ್ನಿ ಎಷ್ಟು ಸೋಸುತ್ತದೆ ಅನ್ನುವ ಅಳತೆ ಇಜಿಎಫ್‌ಆರ್ 24. ಎರಡೂ ಪಾದ ಊದಿಕೊಂಡಿವೆ. ಸಂಜೆ ಹೊತ್ತಿಗೆ ಚಪ್ಪಲಿ ಹಿಡಿಸುವುದಿಲ್ಲ. ಸಾಕ್ಸ್ ತೆಗೆದರೆ ಅದರ ಗೆರೆ ಚರ್ಮದ ಮೇಲೆ ಹಾಗೇ ಉಳಿದಿರುತ್ತದೆ.

ಯಾರೋ ಹೇಳಿದರು ಅಂತ ಅಪ್ಪ ನೀರು ಕುಡಿಯುವುದನ್ನೇ ಬಿಟ್ಟ ಹಾಗೆ ಮಾಡಿದ್ದಾರೆ. ದಿನಕ್ಕೆ ಮೂರು ಲೋಟ, ಅಷ್ಟೇ. ಬಾಯಿ ಒಣಗುತ್ತದೆ, ಸುಮ್‌ಸುಮ್ನೆ ರೇಗುತ್ತಾರೆ. ಊತ ಮಾತ್ರ ಇಳಿದಿಲ್ಲ. ಕುಡಿಯದೇ ಇರುವ ನೀರು ಕಾಲಿಗೆ ಬರುವುದಾದರೂ ಎಲ್ಲಿಂದ? ಕಿಡ್ನಿ ಡಾಕ್ಟರ ಹತ್ತಿರ ಹೋಗುವುದು ಮುಂದಿನ ವಾರ. ಅಷ್ಟರೊಳಗೆ ಏನು ಗಮನಿಸಬೇಕು, ಅವರನ್ನು ಏನು ಕೇಳಬೇಕು? ತಿಳಿದವರು ಹೇಳಿ.

ವಾರ್ಡ್ ಸಿಸ್ಟರ್
ಮಿಕ್ಕಿದ್ದೆಲ್ಲ ಆಮೇಲೆ. ಮೊದಲು ಉಸಿರಾಟದ ವಿಷಯ ಹೇಳಿ. ಅಂಗಾತ ಮಲಗಿದರೆ ಏದುಸಿರು ಬರುತ್ತದಾ? ಮಧ್ಯರಾತ್ರಿ ಉಸಿರು ಕಟ್ಟಿದ ಹಾಗಾಗಿ ಎದ್ದು ಕೂರುತ್ತಾರಾ? ಮೊದಲು ಒಂದು ದಿಂಬು ಸಾಕಾಗುತ್ತಿತ್ತು, ಈಗ ಮೂರು ಬೇಕು ಅನ್ನುವ ಹಾಗಿದೆಯಾ? ಎದೆ ನೋವು, ಗುಲಾಬಿ ಬಣ್ಣದ ನೊರೆ ಕಫ, ಮೂತ್ರ ಏಕಾಏಕಿ ನಿಂತ ಹಾಗಾಗುವುದು? ಇವುಗಳಲ್ಲಿ ಒಂದು ಇದ್ದರೂ ಮುಂದಿನ ವಾರದ ತನಕ ಕಾಯಬೇಡಿ. ಇವತ್ತೇ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ. ಕಾಲಿನಲ್ಲಿ ನೀರಿದ್ದರೆ ಸಮಯವಿದೆ. ಶ್ವಾಸಕೋಶದಲ್ಲಿದ್ದರೆ ಇಲ್ಲ.

ದೊಡ್ಡಮಗಳು
ಉಸಿರಾಟ ಚೆನ್ನಾಗಿದೆ ಸಿಸ್ಟರ್. ಒಂದೇ ದಿಂಬು. ಮೆಟ್ಟಿಲು ಹತ್ತಿದರೆ ಸುಸ್ತಾಗುತ್ತದೆ, ಅದು ಮೊದಲಿನಿಂದಲೂ ಇದೆ.

ವಾರ್ಡ್ ಸಿಸ್ಟರ್
ಸರಿ, ಹಾಗಾದರೆ ಕೂತು ಮಾತಾಡೋಣ.

ಎರಡೂ ಕಾಲು ಒಂದೇ ಸಮ ಊದಿವೆಯಾ? ಒಂದೇ ಕಾಲು ಊದಿ, ನೋವಿದ್ದು, ಬಿಸಿಯಾಗಿದ್ದರೆ ಅದನ್ನು ಕಿಡ್ನಿ ಲೆಕ್ಕಕ್ಕೆ ಹಾಕಬಾರದು. ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅಥವಾ ಚರ್ಮದ ಸೋಂಕು ಇರಬಹುದು. ಅದನ್ನೂ ತಕ್ಷಣ ತೋರಿಸಬೇಕು.

ಮೊಣಕಾಲಿನ ಕೆಳಗೆ ಮುಂದಿನ ಮೂಳೆಯ ಮೇಲೆ ಹೆಬ್ಬೆರಳಿನಿಂದ ಹತ್ತು ಸೆಕೆಂಡ್ ಒತ್ತಿ ಹಿಡಿದು ಬಿಡಿ. ಗುಳಿ ಬೀಳುತ್ತದಾ, ಎಷ್ಟು ಹೊತ್ತು ಉಳಿಯುತ್ತದೆ ನೋಡಿ. ಗುಳಿ ಎಲ್ಲಿಯವರೆಗೆ ಬೀಳುತ್ತದೆ ಅನ್ನುವುದನ್ನೂ ಗುರುತು ಮಾಡಿಕೊಳ್ಳಿ. ಪಾದದ ಗಂಟಿಗೇ ನಿಂತಿದೆಯಾ, ಮೊಣಕಾಲಿನ ತನಕ ಬಂದಿದೆಯಾ? ಹೆಚ್ಚು ಹೊತ್ತು ಮಲಗಿಯೇ ಇರುವವರಲ್ಲಿ ಕಾಲಿಗಿಂತ ಸೊಂಟದ ಕೆಳಗೆ, ಬೆನ್ನಿನ ಬುಡದಲ್ಲಿ ನೀರು ಸೇರುತ್ತದೆ. ಕಾಲು ನೋಡಿ ಚೆನ್ನಾಗಿದೆ ಅಂದುಕೊಂಡು ಬಿಡುವವರೇ ಜಾಸ್ತಿ.

ಬೆಳಗ್ಗೆ ಏಳುವಾಗ ಕಣ್ಣಿನ ರೆಪ್ಪೆ ಊದಿರುತ್ತದಾ? ಮೂತ್ರದಲ್ಲಿ ನೊರೆ? ತೂಕ ಎಷ್ಟು, ಮೊದಲು ಎಷ್ಟಿತ್ತು? ಎಲ್ಲಕ್ಕಿಂತ ಮುಖ್ಯ, ತೆಗೆದುಕೊಳ್ಳುವ ಮಾತ್ರೆಗಳ ಪೂರ್ತಿ ಪಟ್ಟಿ ಹಾಕಿ. ಚೀಟಿಯಲ್ಲಿ ಇಲ್ಲದವೂ ಸೇರಿ.

ದೊಡ್ಡಮಗಳು
ಎರಡೂ ಕಾಲು ಸಮ. ಗುಳಿ ಬೀಳುತ್ತದೆ, ಮೊಣಕಾಲಿಗಿಂತ ಸ್ವಲ್ಪ ಕೆಳಗಿನ ತನಕ. ತುಂಬಿಕೊಳ್ಳಲು ಅರ್ಧ ನಿಮಿಷವಾದರೂ ಬೇಕು. ನೊರೆ ಇದೆ, ಹಿಂದಿನಿಂದಲೂ ಇದೆ. ಕಣ್ಣಿನ ಹತ್ತಿರ ಊತ ಅಷ್ಟಿಲ್ಲ. ಮನೆಯಲ್ಲಿ ತೂಕದ ಯಂತ್ರ ಇಲ್ಲ.

ಮಾತ್ರೆ: ಬಿಪಿಗೆ ಆಮ್ಲೊಡಿಪಿನ್ 10, ಟೆಲ್ಮಿಸಾರ್ಟನ್ 40, ನೀರು ಇಳಿಸಲು ಬೆಳಗ್ಗೆ ಫ್ಯೂರೋಸಮೈಡ್ 40, ಕೊಲೆಸ್ಟ್ರಾಲ್ ಮಾತ್ರೆ, ಇನ್ಸುಲಿನ್. ಮಂಡಿ ನೋವು ಜಾಸ್ತಿಯಾದಾಗ ಅಪ್ಪನೇ ತಂದುಕೊಳ್ಳುವ ನೋವಿನ ಮಾತ್ರೆ ಒಂದಿದೆ. ಡೈಕ್ಲೋಫೆನಾಕ್ ಅಂತ ಬರೆದಿದೆ.

ಮಾತ್ರೆಡಬ್ಬಿ
ಆ ಕೊನೇ ಮಾತ್ರೆ ನೋಡಿ ನಿದ್ದೆ ಹಾರಿತು. ಬರುತ್ತೇನೆ, ಕೆಲಸ ಮುಗಿಸಿ ಬರೆಯುತ್ತೇನೆ. ಅಷ್ಟರಲ್ಲಿ ಅಪ್ಪನ ಡಾಕ್ಟರಿಗೆ ಫೋನ್ ಮಾಡಿ ಆ ನೋವಿನ ಮಾತ್ರೆಯ ವಿಷಯ ಹೇಳಿ. ಅವರು ಹೇಳುವ ತನಕ ಅದನ್ನು ಮತ್ತೆ ಕೊಡಬೇಡಿ.

ಲೆಕ್ಕದ ಮೇಷ್ಟ್ರು
ನಾನೂ ಕಿಡ್ನಿ ರೋಗಿಯೇ, 3ನೇ ಹಂತ. ಕುಡಿಯದ ನೀರು ಎಲ್ಲಿಂದ ಬಂತು ಅಂತ ಕೇಳಿದ್ದೀರಲ್ಲ, ಅದಕ್ಕೆ ಉತ್ತರ ನೀರಿನಲ್ಲಿಲ್ಲ. ಉಪ್ಪಿನಲ್ಲಿದೆ. ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆ ಇರಲಿ.

70 ಕೆಜಿ ತೂಕದ ಗಂಡಸಿನ ಮೈಯಲ್ಲಿ ಸುಮಾರು 42 ಲೀಟರ್ ನೀರಿದೆ. ಅದರಲ್ಲಿ ಮೂರನೇ ಎರಡು ಪಾಲು ಜೀವಕೋಶಗಳ ಒಳಗೆ. ಉಳಿದ 14 ಲೀಟರ್ ಹೊರಗೆ. ಆ 14ರಲ್ಲೂ ರಕ್ತದ ದ್ರವವಾಗಿ ಓಡಾಡುವುದು ಮೂರು ಲೀಟರಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಮಿಕ್ಕಿದ್ದು ಜೀವಕೋಶಗಳ ನಡುವಿನ ಸಂದಿಯಲ್ಲಿ, ಸ್ಪಂಜಿನಲ್ಲಿ ಹಿಡಿದ ಹಾಗೆ ನಿಂತಿರುತ್ತದೆ. ಊತ ಅಂದರೆ ಈ ಸಂದಿಯ ನೀರು ಹೆಚ್ಚಾಗುವುದು.

ಈಗ, ಜೀವಕೋಶದ ಹೊರಗೆ ಎಷ್ಟು ನೀರು ನಿಲ್ಲಬೇಕು ಅನ್ನುವುದನ್ನು ತೀರ್ಮಾನಿಸುವುದು ಅಲ್ಲಿರುವ ಸೋಡಿಯಂ. ಡ್ರಿಪ್‌ನಲ್ಲಿ ಹಾಕುವ ನಾರ್ಮಲ್ ಸಲೈನ್ ಬಾಟಲಿಯ ಮೇಲೆ 0.9% ಅಂತ ಬರೆದಿರುತ್ತದೆ, ನೋಡಿದ್ದೀರಲ್ಲ? ಒಂದು ಲೀಟರಿಗೆ 9 ಗ್ರಾಂ ಉಪ್ಪು. ನಮ್ಮ ಮೈಯ ಹೊರನೀರಿನ ಹದವೂ ಹೆಚ್ಚುಕಡಿಮೆ ಅದೇ. ಅಂದರೆ 9 ಗ್ರಾಂ ಉಪ್ಪು ಮೈಯಲ್ಲಿ ಹೆಚ್ಚಾಗಿ ಉಳಿದರೆ, ಒಂದು ಲೀಟರ್ ನೀರು ಅದರ ಜೊತೆ ಉಳಿಯಲೇಬೇಕು. ಕಿಡ್ನಿ ದಿನಾ 2 ಗ್ರಾಂ ಉಪ್ಪನ್ನು ಹೊರಹಾಕಲು ಆಗದೆ ಬಿಟ್ಟಿತು ಅಂತಿಟ್ಟುಕೊಳ್ಳಿ. ನಾಲ್ಕೈದು ದಿನಕ್ಕೆ ಒಂದು ಲೀಟರ್, ಅಂದರೆ ಒಂದು ಕೆಜಿ.

ನಿಮ್ಮ ಅಪ್ಪ ನೀರು ನಿಲ್ಲಿಸಿದರು, ಉಪ್ಪು ನಿಲ್ಲಿಸಲಿಲ್ಲ. ಆಗ ಏನಾಗುತ್ತದೆ? ರಕ್ತದಲ್ಲಿ ಉಪ್ಪಿನ ಹದ ಒಂದಿಷ್ಟು ಏರಿದರೂ ಮೆದುಳು ಬಾಯಾರಿಕೆ ಹುಟ್ಟಿಸುತ್ತದೆ. ಜೊತೆಗೆ ಕಿಡ್ನಿಗೆ ನೀರನ್ನು ಬಿಡಬೇಡ ಅಂತ ಹಾರ್ಮೋನ್ ಕಳಿಸುತ್ತದೆ. ಬಾಯಿ ಒಣಗುತ್ತದೆ, ಮೂತ್ರ ಕಡಿಮೆಯಾಗುತ್ತದೆ, ಕಾಲಿನ ನೀರು ಇದ್ದಲ್ಲೇ ಇರುತ್ತದೆ. ಆ ನೀರು ಹೊರಗೆ ಹೋಗಬೇಕಾದರೆ ಅದನ್ನು ಹಿಡಿದಿಟ್ಟ ಉಪ್ಪು ಮೊದಲು ಹೋಗಬೇಕು. ರೇಗುವುದರಲ್ಲಿ ಅವರ ತಪ್ಪೇನಿಲ್ಲ ಬಿಡಿ.

ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ದೊಡ್ಡವರಿಗೂ ದಿನಕ್ಕೆ 5 ಗ್ರಾಂ ಉಪ್ಪಿಗಿಂತ ಕಡಿಮೆ ಅನ್ನುತ್ತದೆ. ಅಂದರೆ 2 ಗ್ರಾಂ ಸೋಡಿಯಂ. ಕಿಡ್ನಿ ರೋಗಿಗಳಿಗೆ ಕೆಡಿಗೋ ಎಂಬ ಅಂತರರಾಷ್ಟ್ರೀಯ ಕಿಡ್ನಿ ಸಂಸ್ಥೆಯ ಮಾರ್ಗಸೂಚಿ ಹೇಳುವುದೂ ಇದೇ ಮಿತಿ. 5 ಗ್ರಾಂ ಅಂದರೆ ಒಂದು ಟೀ ಚಮಚದಷ್ಟು. ಇಡೀ ದಿನಕ್ಕೆ, ಎಲ್ಲವೂ ಸೇರಿ. ಪ್ಯಾಕೆಟ್ ಮೇಲೆ ಸೋಡಿಯಂ ಅಂತ ಬರೆದಿದ್ದರೆ ಅದನ್ನು 2.5ರಿಂದ ಗುಣಿಸಿ, ಉಪ್ಪು ಎಷ್ಟು ಅಂತ ಸಿಗುತ್ತದೆ. ಸಾಸ್, ಸೂಪ್ ಪುಡಿ, ಬ್ರೆಡ್, ಚೀಸ್ ಇವನ್ನೊಮ್ಮೆ ಗುಣಿಸಿ ನೋಡಿ. ಉಪ್ಪುಪ್ಪು ಅನ್ನಿಸದ ಬ್ರೆಡ್ಡಿನಲ್ಲೂ ಸಾಕಷ್ಟಿದೆ.

ದೊಡ್ಡಮಗಳು
ಮೇಷ್ಟ್ರೇ, ನಮ್ಮನೆಯಲ್ಲಿ ಉಪ್ಪು ಕಡಿಮೆಯೇ ಹಾಕುವುದು. ಅಮ್ಮ ಹಾಗೇ ಹೇಳುತ್ತಾರೆ.

ಲೆಕ್ಕದ ಮೇಷ್ಟ್ರು
ಎಲ್ಲರ ಮನೆಯಲ್ಲೂ ಹಾಗೇ ಹೇಳುತ್ತಾರಮ್ಮ. ಅದಕ್ಕೇ ಅಳೆಯುವುದು ಒಳ್ಳೆಯದು. 24 ಗಂಟೆಯ ಮೂತ್ರ ಹಿಡಿದು ಅದರಲ್ಲಿ ಸೋಡಿಯಂ ನೋಡುವ ಪರೀಕ್ಷೆ ಇದೆ. ಮಾತ್ರೆಯ ಪ್ರಮಾಣ ಬದಲಾಗದೆ, ತೂಕ ಒಂದೇ ಸಮ ಇರುವ ದಿನಗಳಲ್ಲಿ ಮಾಡಿಸಿದರೆ, ತಿಂದ ಉಪ್ಪಿನ ಹತ್ತಿರದ ಲೆಕ್ಕ ಸಿಗುತ್ತದೆ. ವರದಿಯಲ್ಲಿ 100 ಮಿಲಿಮೋಲ್ ಅಂತ ಬಂದರೆ ಸುಮಾರು 6 ಗ್ರಾಂ ಉಪ್ಪು. 170 ಬಂದರೆ 10 ಗ್ರಾಂ. ಅಮ್ಮನ ಜೊತೆ ವಾದ ಮಾಡುವ ಅಗತ್ಯವೇ ಇಲ್ಲ, ಕಾಗದ ಮಾತಾಡುತ್ತದೆ.

ತೂಕದ ಯಂತ್ರ ಮಾತ್ರ ಇವತ್ತೇ ತನ್ನಿ. ಸಂದಿಯಲ್ಲಿ ಎರಡು ಮೂರು ಲೀಟರ್ ಹೆಚ್ಚು ಸೇರಿದ ಮೇಲೆಯೇ ಕಾಲಿನಲ್ಲಿ ಗುಳಿ ಕಾಣುವುದು. ಕಣ್ಣಿಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಯಂತ್ರಕ್ಕೆ ಅರ್ಧ ಲೀಟರೂ ಗೊತ್ತಾಗುತ್ತದೆ.

ಹೊಸ ಸದಸ್ಯ
ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ದಿನಕ್ಕೆ ನಾಲ್ಕು ಲೀಟರ್ ನೀರು ಕುಡಿದರೆ ಕಿಡ್ನಿ ತೊಳೆದು ಹೋಗುತ್ತದೆ, ಊತವೂ ಹೋಗುತ್ತದೆ. ನನ್ನ ಹತ್ತಿರ ಒಂದು ಗಿಡಮೂಲಿಕೆ ಪುಡಿ ಇದೆ, ಬೇಕಿದ್ದವರು ಮೆಸೇಜ್ ಮಾಡಿ.

ವಾರ್ಡ್ ಸಿಸ್ಟರ್
ದಯವಿಟ್ಟು ಬೇಡ. ಇಜಿಎಫ್‌ಆರ್ 24 ಇರುವ, ಆಗಲೇ ಕಾಲಿನಲ್ಲಿ ನೀರು ತುಂಬಿರುವ ಮನುಷ್ಯನಿಗೆ ನಾಲ್ಕು ಲೀಟರ್ ಕುಡಿಸಿದರೆ ರಕ್ತದಲ್ಲಿ ಸೋಡಿಯಂ ಕುಸಿದು ಮಂಪರು ಹತ್ತಬಹುದು, ಶ್ವಾಸಕೋಶಕ್ಕೆ ನೀರು ಇಳಿಯಬಹುದು. ನೀರು ಜಾಸ್ತಿ ಕುಡಿದರೆ ಕಿಡ್ನಿ ಉಳಿಯುತ್ತದಾ ಅಂತ 3ನೇ ಹಂತದ ರೋಗಿಗಳಲ್ಲಿ ಪ್ರಯೋಗ ಮಾಡಿ ನೋಡಿದ್ದಾರೆ. ಕೆನಡಾದಲ್ಲಿ ನಡೆಯಿತು, 2018ರಲ್ಲಿ ಪ್ರಕಟವಾಯಿತು. ಕಿಡ್ನಿ ಕುಗ್ಗುವ ವೇಗ ಕಡಿಮೆಯಾಗಲಿಲ್ಲ.

ಪುಡಿಯ ಬಗ್ಗೆ: 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಗಿಡಮೂಲಿಕೆ ತೆಗೆದುಕೊಂಡ ಹೆಂಗಸರಲ್ಲಿ ಒಬ್ಬರ ಹಿಂದೆ ಒಬ್ಬರಿಗೆ ಕಿಡ್ನಿ ಹೋಯಿತು. ಅದರಲ್ಲಿದ್ದ ಅರಿಸ್ಟೊಲೋಕಿಕ್ ಆಮ್ಲ ಕಾರಣ ಅಂತ ಆಮೇಲೆ ಗೊತ್ತಾಯಿತು. ಏನಿದೆ ಅಂತ ಗೊತ್ತಿಲ್ಲದ ಪುಡಿಯನ್ನು ಕಿಡ್ನಿ ರೋಗಿಗೆ ಕೊಡಬಾರದು.

ವೇದಿಕೆ ನಿರ್ವಾಹಕ
ಔಷಧ ಮಾರಾಟದ ಮೆಸೇಜ್‌ಗಳಿಗೆ ಇಲ್ಲಿ ಜಾಗವಿಲ್ಲ. ಮತ್ತೆ ಹಾಕಿದರೆ ಖಾತೆ ಮುಚ್ಚುತ್ತೇವೆ. ಚರ್ಚೆ ಮುಂದುವರಿಸಿ.

ಮಾತ್ರೆಡಬ್ಬಿ
ಬಂದೆ. ಪಟ್ಟಿಯಲ್ಲಿ ಮೂರು ವಿಷಯ ಕಾಣುತ್ತಿದೆ.

ಡೈಕ್ಲೋಫೆನಾಕ್, ಐಬುಪ್ರೊಫೆನ್ ತರಹದ ನೋವಿನ ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ, ಸೋಡಿಯಂ ಹಿಡಿದಿಡುತ್ತವೆ. ನೀರು ಇಳಿಸುವ ಮಾತ್ರೆಯ ಕೆಲಸಕ್ಕೂ ಅಡ್ಡ ಬರುತ್ತವೆ. ಟೆಲ್ಮಿಸಾರ್ಟನ್, ಫ್ಯೂರೋಸಮೈಡ್, ಅದರ ಮೇಲೆ ಡೈಕ್ಲೋಫೆನಾಕ್. ಈ ಮೂರು ಒಟ್ಟಿಗೆ ಸೇರಿದರೆ ಕಿಡ್ನಿ ಏಕಾಏಕಿ ಕೈಕೊಡಬಹುದು. ಮಂಡಿ ನೋವಿಗೆ ಬೇರೆ ದಾರಿ ಏನು ಅಂತ ಡಾಕ್ಟರನ್ನೇ ಕೇಳಿ. ಪ್ಯಾರಸಿಟಮಾಲ್ ಕೊಡಬಹುದು ಅಂದರೆ ನೀರಿನಲ್ಲಿ ಗುಳುಗುಳು ಅನ್ನುವ ಮಾತ್ರೆ ಬೇಡ, ಸಾಮಾನ್ಯ ಮಾತ್ರೆ ತನ್ನಿ. ಗುಳ್ಳೆ ಬರಲು ಅದರಲ್ಲಿ ಸೋಡಿಯಂ ಸೇರಿಸಿರುತ್ತಾರೆ. ಒಂದು ಮಾತ್ರೆಗೆ ಸುಮಾರು 400 ಮಿಲಿಗ್ರಾಂ ಸೋಡಿಯಂ, ಅಂದರೆ ಒಂದು ಗ್ರಾಂ ಉಪ್ಪು.

ಎರಡನೆಯದು ಆಮ್ಲೊಡಿಪಿನ್. ಒಳ್ಳೆಯ ಬಿಪಿ ಮಾತ್ರೆ, ಬಯ್ಯುವ ಹಾಗಿಲ್ಲ. ಆದರೆ ಅದು ಸಣ್ಣ ಅಪಧಮನಿಗಳನ್ನು ಹಿಗ್ಗಿಸುತ್ತದೆ, ಅದೇ ಅಳತೆಗೆ ಸಿರೆಗಳನ್ನು ಹಿಗ್ಗಿಸುವುದಿಲ್ಲ. ನಡುವಿನ ಲೋಮನಾಳಗಳಲ್ಲಿ ಒತ್ತಡ ಹೆಚ್ಚಿ ನೀರು ಹೊರಗೆ ಜಿನುಗುತ್ತದೆ. ಪಾದದ ಗಂಟಿನ ಸುತ್ತ ಊತ ಬರುತ್ತದೆ, 10 ಮಿಲಿಗ್ರಾಂನಲ್ಲಿ 5ಕ್ಕಿಂತ ಜಾಸ್ತಿ. ಮೈಯಲ್ಲಿ ಉಪ್ಪು ಹೆಚ್ಚಾಗಿ ಬಂದ ಊತ ಇದಲ್ಲ, ಹಾಗಾಗಿ ನೀರಿನ ಮಾತ್ರೆಗೆ ಇದು ಸರಿಯಾಗಿ ಬಗ್ಗುವುದಿಲ್ಲ. ಅಪ್ಪನ ಊತದಲ್ಲಿ ಇದರ ಪಾಲು ಎಷ್ಟು ಅಂತ ಡಾಕ್ಟರನ್ನು ಕೇಳಿ. ನೀವೇ ನಿಲ್ಲಿಸಲು ಹೋಗಬೇಡಿ, ಬಿಪಿ ಏರಿದರೆ ಅದು ಬೇರೆ ಕಷ್ಟ. ಶುಗರಿಗೆ ಪಿಯೊಗ್ಲಿಟಜೋನ್, ನರದ ಉರಿಗೆ ಪ್ರೆಗಾಬಲಿನ್ ತೆಗೆದುಕೊಳ್ಳುವ ಇತರರೂ ಇದನ್ನು ನೆನಪಿಡಿ, ಅವೂ ಕಾಲು ಊದಿಸುತ್ತವೆ.

ಮೂರನೆಯದು ಫ್ಯೂರೋಸಮೈಡ್. ಇದು ಕೆಲಸ ಮಾಡುವುದು ರಕ್ತದಲ್ಲಿ ಇದ್ದುಕೊಂಡಲ್ಲ, ಕಿಡ್ನಿಯ ನಾಳದ ಒಳಗೆ ಹೋಗಿ. ಕಾಯಿಲೆಯ ಕಿಡ್ನಿಯಲ್ಲಿ ಅಲ್ಲಿಗೆ ತಲುಪುವುದೇ ಕಡಿಮೆ. ಒಂದು ಮಟ್ಟ ದಾಟುವ ತನಕ ಏನೂ ಆಗುವುದಿಲ್ಲ, ದಾಟಿದ ಮೇಲೆಯೇ ಮೂತ್ರ ಬರುತ್ತದೆ. ಆದ್ದರಿಂದ 4ನೇ ಹಂತದವರಿಗೆ ಹೆಚ್ಚಿನ ಡೋಸ್ ಬೇಕಾಗುವುದು ಸಾಮಾನ್ಯ. ಇದರ ಜೊತೆ, ನುಂಗಿದ ಫ್ಯೂರೋಸಮೈಡ್‌ನಲ್ಲಿ ಸರಾಸರಿ ಅರ್ಧದಷ್ಟೇ ಮೈಗೆ ಹತ್ತುತ್ತದೆ. ಒಬ್ಬರಿಂದ ಒಬ್ಬರಿಗೆ ಇದು ತುಂಬಾ ಬದಲಾಗುತ್ತದೆ. ಅದೇ ಜಾತಿಯ ಟಾರ್ಸಮೈಡ್ ಆದರೆ ಶೇಕಡಾ 80ಕ್ಕಿಂತ ಹೆಚ್ಚು ಹತ್ತುತ್ತದೆ, ಹೆಚ್ಚು ಹೊತ್ತು ನಿಲ್ಲುತ್ತದೆ. ಫ್ಯೂರೋಸಮೈಡ್ ಪ್ರಭಾವ ನುಂಗಿದ ಸುಮಾರು ಆರು ಗಂಟೆಯೊಳಗೆ ಮುಗಿಯುತ್ತದೆ. ಆಮೇಲೆ ಉಪ್ಪು ಹೆಚ್ಚಾಗಿ ತಿಂದರೆ, ಕಳೆದುಕೊಂಡಷ್ಟನ್ನೂ ಕಿಡ್ನಿ ವಾಪಸ್ ಹಿಡಿದಿಟ್ಟುಕೊಳ್ಳುತ್ತದೆ. ಮಾತ್ರೆ ನುಂಗಿ ಮೂರು ನಾಲ್ಕು ಗಂಟೆಯೊಳಗೆ ಮೂತ್ರ ಜೋರಾಗಿ ಬರುತ್ತದಾ ಅಂತ ಅಪ್ಪನನ್ನು ಕೇಳಿ. ಬರದಿದ್ದರೆ ಆ ಡೋಸ್ ಮಟ್ಟ ದಾಟುತ್ತಿಲ್ಲ ಅಂತಲೇ. ಡಾಕ್ಟರಿಗೆ ಇದಕ್ಕಿಂತ ಉಪಯೋಗದ ಮಾಹಿತಿ ಇಲ್ಲ.

ಇನ್ನೊಂದು, ಇಷ್ಟು ಉಪ್ಪಿನ ಮಾತು ಕೇಳಿ 'ಕಡಿಮೆ ಸೋಡಿಯಂ ಉಪ್ಪು' ತಂದುಬಿಡಬೇಡಿ. ಸೋಡಿಯಂ ತೆಗೆದ ಜಾಗಕ್ಕೆ ಪೊಟ್ಯಾಸಿಯಂ ಹಾಕಿರುತ್ತಾರೆ. ಟೆಲ್ಮಿಸಾರ್ಟನ್ ತೆಗೆದುಕೊಳ್ಳುವ 4ನೇ ಹಂತದ ರೋಗಿಯಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು.

ಪುಟ್ಟನ ಅಮ್ಮ
ನನ್ನ ಮಗನದು ಬೇರೆ ಕಥೆ, ಆದರೂ ಇಲ್ಲಿ ಹೇಳಬೇಕು ಅನ್ನಿಸಿತು. ಅವನಿಗೆ ನೆಫ್ರೋಟಿಕ್ ಸಿಂಡ್ರೋಮ್, ಅಂದರೆ ಕಿಡ್ನಿಯಿಂದ ಮೂತ್ರಕ್ಕೆ ಪ್ರೋಟೀನ್ ತುಂಬಾ ಸೋರುವ ಕಾಯಿಲೆ. ಕಾಲಿಗಿಂತ ಮೊದಲು ಕಣ್ಣು ಊದಿತು. ಬೆಳಗ್ಗೆ ಕಣ್ಣು ಬಿಡಲು ಆಗದಷ್ಟು, ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತಿತ್ತು. ಮೊದಲು ಅಲರ್ಜಿ ಅಂತ ಔಷಧಿ ಕೊಟ್ಟರು. ಹೊಟ್ಟೆ, ವೃಷಣ ಎಲ್ಲ ಊದಿದ ಮೇಲೆ ಮೂತ್ರ ಪರೀಕ್ಷೆ ಆಯಿತು, ಪ್ರೋಟೀನ್ ನಾಲ್ಕು ಪ್ಲಸ್. ಸ್ಟೀರಾಯ್ಡ್ ಶುರು ಮಾಡಿದ ಮೇಲೆ ಸೋರಿಕೆ ನಿಂತಿತು, ನಿಂತ ಕೂಡಲೇ ಮೂತ್ರ ಧಾರಾಳವಾಗಿ ಬಂದು ಊತ ತಾನಾಗಿ ಇಳಿಯಿತು. ಈಗ ಮನೆಯಲ್ಲೇ ಮೂತ್ರಕ್ಕೆ ಪಟ್ಟಿ ಅದ್ದಿ ಬಣ್ಣ ನೋಡಿ ಡೈರಿಯಲ್ಲಿ ಬರೆಯುತ್ತೇವೆ. ಕಣ್ಣು ಊದುವ ಮೊದಲೇ ಪಟ್ಟಿ ಹೇಳಿಬಿಡುತ್ತದೆ.

ಕಣ್ಣಿನ ಸುತ್ತ ಊತ ಬಂದರೆ, ಮಕ್ಕಳಿರಲಿ ದೊಡ್ಡವರಿರಲಿ, ಒಂದು ಮೂತ್ರ ಪರೀಕ್ಷೆ ಮಾಡಿಸಿ. ಇಷ್ಟೇ ನನ್ನ ಮಾತು.

ಲೆಕ್ಕದ ಮೇಷ್ಟ್ರು
ಊತ, ಮೂತ್ರದ ಪ್ರೋಟೀನ್, ಕಿಡ್ನಿ ಈ ಮೂರನ್ನೂ ಮೊದಲು ಜೋಡಿಸಿ ತೋರಿಸಿದವರು ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್, 1827ರಲ್ಲಿ. ಮೈ ಊದಿದ ರೋಗಿಗಳ ಮೂತ್ರವನ್ನು ಚಮಚದಲ್ಲಿ ಹಾಕಿ ಮೇಣದ ಬತ್ತಿಯ ಮೇಲೆ ಕಾಯಿಸುವುದು, ಪ್ರೋಟೀನ್ ಇದ್ದರೆ ಅದು ಹೆಪ್ಪುಗಟ್ಟಿ ಬೆಳ್ಳಗಾಗುವುದು. ಆ ರೋಗಿಗಳು ಸತ್ತಾಗ ಹೊಟ್ಟೆ ಕೊಯ್ದು ನೋಡಿದರೆ ಕಿಡ್ನಿ ಹಾಳಾಗಿರುವುದು. ಬಹಳ ಕಾಲ ಈ ಕಿಡ್ನಿ ಕಾಯಿಲೆಗೆ ಬ್ರೈಟ್ ಅವರ ಹೆಸರೇ ಇತ್ತು. ವಿಷಯ ಬಿಟ್ಟು ಹೋದೆ, ಕ್ಷಮಿಸಿ, ಹಳೇ ಅಭ್ಯಾಸ.

ದೊಡ್ಡಮಗಳು
ಅಪ್ಪನಿಗೂ ನೊರೆ ಇದೆ ಅಂದೆನಲ್ಲ. ಹಾಗಾದರೆ ಪ್ರೋಟೀನ್ ಸೋರಿ ಹೋಗುತ್ತಿದೆ. ಪ್ರೋಟೀನ್ ಪುಡಿ ಕೊಟ್ಟರೆ ಊತ ಇಳಿಯುತ್ತದಾ?

ವಾರ್ಡ್ ಸಿಸ್ಟರ್
ಇಲ್ಲ. ತೂತು ಇರುವುದು ಕಿಡ್ನಿಯ ಸೋಸುವ ಪದರದಲ್ಲಿ. ಮೇಲಿನಿಂದ ಸುರಿದಷ್ಟೂ ಕೆಳಗೆ ಸೋರುವುದು ಹೆಚ್ಚಾಗಬಹುದು, ಕಿಡ್ನಿಗೂ ಹೊರೆ. ಡಯಾಲಿಸಿಸ್ ಇಲ್ಲದವರಿಗೆ ಮಾರ್ಗಸೂಚಿ ಹೇಳುವುದು ದಿನಕ್ಕೆ ತೂಕದ ಪ್ರತಿ ಕೆಜಿಗೆ 0.8 ಗ್ರಾಂ ಪ್ರೋಟೀನ್. ಅಪ್ಪನಿಗೆ ಎಷ್ಟು ಅಂತ ಡಯಟಿಷಿಯನ್ ಹೇಳಲಿ.

ರಕ್ತದಲ್ಲಿರುವ ಮುಖ್ಯ ಪ್ರೋಟೀನ್ ಅಲ್ಬುಮಿನ್ ಎಷ್ಟಿದೆ ಅಂತ ಕೇಳಿ. ದಿನಕ್ಕೆ 3.5 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಸೋರಿ, ಅಲ್ಬುಮಿನ್ ಇಳಿದು, ಊತ ಬಂದರೆ ಅದನ್ನು ನೆಫ್ರೋಟಿಕ್ ಅನ್ನುತ್ತಾರೆ. ಅಲ್ಬುಮಿನ್ ನೀರನ್ನು ರಕ್ತನಾಳದೊಳಗೆ ಎಳೆದು ಹಿಡಿದಿರುತ್ತದೆ, ಅದು ಕಡಿಮೆಯಾದರೆ ನೀರು ಹೊರಗೆ ಹೋಗುತ್ತದೆ. ಇದು ಎಲ್ಲರೂ ಹೇಳುವ ಕಾರಣ. ಆದರೆ ಅದಷ್ಟೇ ಅಲ್ಲ. ಸೋರಿದ ಪ್ರೋಟೀನುಗಳ ಜೊತೆ ನಾಳದೊಳಗೆ ಬರುವ ಕೆಲವು ಕಿಣ್ವಗಳು ಅಲ್ಲಿನ ಸೋಡಿಯಂ ಬಾಗಿಲುಗಳನ್ನು ತೆರೆದುಬಿಡುತ್ತವೆ. ಕಿಡ್ನಿ ತಾನೇ ಉಪ್ಪನ್ನು ವಾಪಸ್ ಎಳೆದುಕೊಳ್ಳುತ್ತದೆ. ಹಾಗಾಗಿ ಇಲ್ಲೂ ಮೇಷ್ಟ್ರ ಉಪ್ಪೇ ಗೆಲ್ಲುವುದು.

ಕಾಲು ಊದಿದರೆ ಕಿಡ್ನಿ ಒಂದೇ ಅಂತ ಅಂದುಕೊಳ್ಳಬೇಡಿ. ಹೃದಯ, ಲಿವರ್, ಥೈರಾಯ್ಡ್ ಎಲ್ಲ ನೋಡಬೇಕು. ಶುಗರ್ ಮತ್ತು ಕಿಡ್ನಿ ಇರುವವರಲ್ಲಿ ಹೃದಯ ದುರ್ಬಲವಾಗಿರುವುದು ಅಪರೂಪವೇನಲ್ಲ. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿ ಎಷ್ಟು ದಿನವಾಯಿತು ಕೇಳಿ.

ಡಯಾಲಿಸಿಸ್ ಗಿರಾಕಿ
ಮೇಷ್ಟ್ರ ಮಾತಿಗೆ ನನ್ನದೊಂದು ತಕರಾರು. ನೀರಿನ ಬಗ್ಗೆ ಚಿಂತೆ ಬೇಡ, ಉಪ್ಪು ನೋಡಿಕೊಳ್ಳಿ ಅನ್ನುವುದು ಮೂತ್ರ ಬರುವವರಿಗೆ ಸರಿ. ನನಗೆ ಮೂತ್ರವೇ ಇಲ್ಲ. ನಾನು ಕುಡಿದ ಪ್ರತಿ ಲೋಟವೂ ಯಂತ್ರದ ಮೂಲಕವೇ ಹೊರಗೆ ಹೋಗಬೇಕು. ನಿಮ್ಮ ಪೋಸ್ಟ್ ಓದಿ ನನ್ನಂಥವನು ಯಾರಾದರೂ ಎರಡು ಲೀಟರ್ ಏರಿಸಿದರೆ ಅವನ ಗತಿ?

ಲೆಕ್ಕದ ಮೇಷ್ಟ್ರು
ನಾನು ಬರೆದದ್ದು ಈ ತಂಗಿಯ ಅಪ್ಪನ ಬಗ್ಗೆ. ಆದರೆ ನಿಮ್ಮ ಮಾತು ನ್ಯಾಯ. ನಿಮ್ಮಂಥವರ ಲೆಕ್ಕ ನೀವೇ ಹೇಳಿ, ಅನುಭವ ಇರುವವರು ಹೇಳಿದರೆ ತೂಕ.

ಡಯಾಲಿಸಿಸ್ ಗಿರಾಕಿ
ನಮ್ಮಲ್ಲಿ ಎಲ್ಲವೂ ಡ್ರೈ ವೇಟ್ ಮೇಲೆ ನಿಂತಿದೆ. ಹೆಚ್ಚಿನ ನೀರೆಲ್ಲ ತೆಗೆದ ಮೇಲೆ, ಊತವಿಲ್ಲದೆ, ಬಿಪಿ ಬೀಳದೆ ಇರಬಹುದಾದ ತೂಕ ಅದು. ನನ್ನದು 60 ಕೆಜಿ. ಒಂದು ಡಯಾಲಿಸಿಸ್‌ನಿಂದ ಮುಂದಿನದಕ್ಕೆ ಏರಿದ ತೂಕವೆಲ್ಲ ಹೆಚ್ಚೂಕಡಿಮೆ ನೀರೇ. ಅದನ್ನು ಬೇಗ ಎಳೆದರೆ ಕಾಲು ಸೆಟೆದುಕೊಳ್ಳುತ್ತದೆ, ಬಿಪಿ ಕುಸಿದು ಕಣ್ಣು ಕತ್ತಲೆ ಬರುತ್ತದೆ, ಹೃದಯಕ್ಕೂ ಪೆಟ್ಟು. ಗಂಟೆಗೆ ಪ್ರತಿ ಕೆಜಿಗೆ 13 ಮಿಲಿ ದಾಟಬಾರದು ಅನ್ನುವುದು ಬಹಳ ಕಡೆ ಇಟ್ಟುಕೊಂಡಿರುವ ಮಿತಿ. ನನ್ನ ತೂಕಕ್ಕೆ ನಾಲ್ಕು ಗಂಟೆಯಲ್ಲಿ 3 ಲೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ನಾಲ್ಕು ಲೀಟರ್ ಏರಿಸಿಕೊಂಡು ಹೋದರೆ ಒಂದು ಲೀಟರ್ ಮೈಯಲ್ಲೇ ಉಳಿಸಿಕೊಂಡು ಬರಬೇಕು, ಇಲ್ಲವೇ ಜಾಸ್ತಿ ಹೊತ್ತು ಕೂರಬೇಕು.

ಮೂತ್ರ ಸ್ವಲ್ಪ ಬರುವವರಿಗೆ ಹಿಂದಿನ ದಿನದ ಮೂತ್ರ ಎಷ್ಟೋ ಅದಕ್ಕೆ 500 ಮಿಲಿ ಸೇರಿಸಿ ಕುಡಿಯಿರಿ ಅನ್ನುತ್ತಾರೆ, ಕೆಲವು ಕಡೆ 750. ಅದರಲ್ಲಿ ಟೀ, ಸೂಪ್, ಐಸ್, ಮಾತ್ರೆ ನುಂಗುವ ನೀರು ಎಲ್ಲವೂ ಸೇರುತ್ತದೆ. ನಾನು ಒಂದು ಬಾಟಲಿಗೆ ದಿನದ ಪಾಲು ತುಂಬಿಸಿ ಇಡುತ್ತೇನೆ. ಬೇರೆ ಏನು ಕುಡಿದರೂ ಅಷ್ಟನ್ನು ಬಾಟಲಿಯಿಂದ ಚೆಲ್ಲುತ್ತೇನೆ. ಬಾಯಿ ಒಣಗಿದರೆ ಮುಕ್ಕಳಿಸಿ ಉಗಿಯುತ್ತೇನೆ, ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್ ಅಗಿಯುತ್ತೇನೆ.

ಕೊನೆಗೆ ಮೇಷ್ಟ್ರ ಪಕ್ಷಕ್ಕೇ ಬರಬೇಕು. ಉಪ್ಪು ತಿಂದ ದಿನ ಬಾಯಾರಿಕೆಯನ್ನು ಯಾವ ಗಟ್ಟಿ ಮನಸ್ಸೂ ತಡೆಯಲಾರದು. ಶುಗರ್ ಏರಿದರೂ ಹಾಗೇ. ಉಪ್ಪು ಹಿಡಿತದಲ್ಲಿದ್ದ ವಾರ ನೀರಿನ ಮಿತಿ ಮಿತಿ ಅಂತಲೇ ಅನ್ನಿಸುವುದಿಲ್ಲ.

ಪುಟ್ಟನ ಅಮ್ಮ
ಊದಿದ ಕಾಲಿಗೆ ಬಿಗಿ ಸಾಕ್ಸ್ ಹಾಕಿದರೆ ಒಳ್ಳೆಯದು ಅಂತ ಕೇಳಿದ್ದೇನೆ. ದೊಡ್ಡಮಗಳು ಅವರ ಅಪ್ಪನಿಗೆ ಆಗುತ್ತದಾ?

ವಾರ್ಡ್ ಸಿಸ್ಟರ್
ಶುಗರ್ ಹಳೆಯದು ಅಂದಿದ್ದಾರೆ. ಕಾಲಿಗೆ ರಕ್ತ ಸರಿಯಾಗಿ ಹೋಗುತ್ತಿದೆಯಾ ಅಂತ ನಾಡಿ ನೋಡಿಸದೆ ಬಿಗಿ ಸಾಕ್ಸ್ ಹಾಕಬಾರದು. ಹೋಗುವ ರಕ್ತವೇ ಕಡಿಮೆ ಇದ್ದರೆ ಬಿಗಿ ಸಾಕ್ಸ್‌ನಿಂದ ಹುಣ್ಣಾಗುತ್ತದೆ. ಸ್ಪರ್ಶ ಗೊತ್ತಾಗದ ಪಾದವಾದರೆ ನೋವೂ ತಿಳಿಯುವುದಿಲ್ಲ.

ಮಧ್ಯಾಹ್ನ ಅರ್ಧ ಗಂಟೆ ಮಲಗಿ, ಕಾಲು ಎದೆಗಿಂತ ಎತ್ತರದಲ್ಲಿ ಇಡಲಿ. ಕುರ್ಚಿಯಲ್ಲಿ ಕೂತು ಸ್ಟೂಲಿನ ಮೇಲೆ ಕಾಲಿಟ್ಟರೆ ಅಷ್ಟು ಪ್ರಯೋಜನವಿಲ್ಲ. ಊದಿದ ಚರ್ಮ ಎಳೆದುಕೊಂಡು ತೆಳ್ಳಗಾಗಿರುತ್ತದೆ. ಸ್ನಾನ ಆದ ಮೇಲೆ ಒರೆಸಿ ಕ್ರೀಮ್ ಹಚ್ಚಿ, ಬೆರಳ ಸಂದಿಗೆ ಮಾತ್ರ ಬೇಡ. ಸಣ್ಣ ಗೀರು, ನೀರು ಜಿನುಗುವುದು, ಕೆಂಪು, ಬಿಸಿ, ಇವನ್ನು ದಿನಾ ನೋಡಿ. ಊದಿದ ಕಾಲಿಗೆ ಸೋಂಕು ಬೇಗ ಹತ್ತುತ್ತದೆ, ಬೇಗ ಬಿಡುವುದಿಲ್ಲ.

ದೊಡ್ಡಮಗಳು
ಡಾಕ್ಟರನ್ನು ನೋಡಿ ಬಂದೆವು. ಪಟ್ಟಿ ಬರೆದುಕೊಂಡು ಹೋಗಿದ್ದು ಒಳ್ಳೆಯದಾಯಿತು. ಫೋನಿನಲ್ಲಿ ಹೇಳಿದಾಗಲೇ ಡೈಕ್ಲೋಫೆನಾಕ್ ಪೂರ್ತಿ ನಿಲ್ಲಿಸಿದ್ದರು. ಆಮ್ಲೊಡಿಪಿನ್ 5ಕ್ಕೆ ಇಳಿಸಿದ್ದಾರೆ. ಬಿಪಿಯನ್ನು ಮನೆಯಲ್ಲಿ ಬರೆದಿಡಬೇಕು. ಫ್ಯೂರೋಸಮೈಡ್ ನುಂಗಿದ ಮೇಲೆ ಮೂತ್ರ ಜೋರಾಗಿ ಬರುವುದೇ ಇಲ್ಲ ಅಂತ ಅಪ್ಪ ಹೇಳಿದರು. ಅದನ್ನು ತೆಗೆದು ಟಾರ್ಸಮೈಡ್ ಕೊಟ್ಟಿದ್ದಾರೆ. ಎಕೋದಲ್ಲಿ ಹೃದಯದ ಪಂಪಿಂಗ್ ಚೆನ್ನಾಗಿದೆ. ಅಲ್ಬುಮಿನ್ 3.1, ಮೂತ್ರದಲ್ಲಿ ಪ್ರೋಟೀನ್ ಇದೆ, ಆದರೆ ನೆಫ್ರೋಟಿಕ್ ಮಟ್ಟಕ್ಕಲ್ಲ.

ನೀರಿನ ಬಗ್ಗೆ ಕೇಳಿದೆ. ಬಾಯಾರಿದಾಗ ಕುಡಿಯಲಿ, ಒಂದೂವರೆ ಲೀಟರ್ ಒಳಗಿರಲಿ ಅಂದರು. ಅಪ್ಪನ ಮುಖ ನೋಡಬೇಕಿತ್ತು! ಉಪ್ಪಿನ ವಿಷಯ ಬಂದಾಗ ಅಮ್ಮ ನನ್ನ ಕಡೆ ನೋಡಲೇ ಇಲ್ಲ. 24 ಗಂಟೆಯ ಮೂತ್ರದಲ್ಲಿ ಸೋಡಿಯಂ 190 ಬಂದಿದೆ ಮೇಷ್ಟ್ರೇ.

ಲೆಕ್ಕದ ಮೇಷ್ಟ್ರು
11 ಗ್ರಾಂ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಒಂದೇ ದಿನಕ್ಕೆ 5ಕ್ಕೆ ಇಳಿಸಲು ಹೋಗಬೇಡಿ, ಅಪ್ಪ ತಟ್ಟೆ ತಳ್ಳುತ್ತಾರೆ. ಮೊದಲು ಪ್ಯಾಕೆಟ್ ಪದಾರ್ಥ ತೆಗೆಯಿರಿ, ಊಟದ ಮೇಜಿನಿಂದ ಉಪ್ಪಿನ ಡಬ್ಬಿ ಎತ್ತಿಡಿ. ಹುಳಿ, ಬೆಳ್ಳುಳ್ಳಿ, ಮೆಣಸು ಸ್ವಲ್ಪ ಹೆಚ್ಚಿಸಿದರೆ ನಾಲಿಗೆ ಅಷ್ಟು ಗಲಾಟೆ ಮಾಡುವುದಿಲ್ಲ. ಕೆಲವು ವಾರ ಕಳೆದರೆ ನಾಲಿಗೆಗೆ ಅದೇ ಸರಿ ಅನ್ನಿಸತೊಡಗುತ್ತದೆ.

ಮಾತ್ರೆಡಬ್ಬಿ
ಟಾರ್ಸಮೈಡ್ ಶುರುವಾದ ಮೇಲೆ ಒಂದೆರಡು ವಾರದೊಳಗೆ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ರಕ್ತದ ಕಸ), ಸೋಡಿಯಂ, ಪೊಟ್ಯಾಸಿಯಂ ಮತ್ತೆ ನೋಡಲು ಹೇಳಿರಬೇಕು, ತಪ್ಪಿಸಬೇಡಿ. ಕ್ರಿಯಾಟಿನಿನ್ ಸ್ವಲ್ಪ ಏರಿದರೆ ಗಾಬರಿ ಬೇಡ, ನೀರು ಇಳಿಯುವಾಗ ಹಾಗಾಗುತ್ತದೆ. ಅದು ಎಷ್ಟು ಏರಿದರೆ ಜಾಸ್ತಿ ಅನ್ನುವುದನ್ನು ಡಾಕ್ಟರ್ ನಿರ್ಧರಿಸಲಿ. ಎದ್ದು ನಿಂತಾಗ ತಲೆ ಸುತ್ತಿದರೆ, ತೂಕ ಬೇಗ ಬೇಗ ಇಳಿದರೆ, ವಾಂತಿ ಭೇದಿ ಶುರುವಾದರೆ ಆ ದಿನವೇ ಫೋನ್ ಮಾಡಿ. ಅಂಥ ದಿನ ನೀರಿನ ಮಾತ್ರೆ, ಟೆಲ್ಮಿಸಾರ್ಟನ್ ಎರಡನ್ನೂ ತಾತ್ಕಾಲಿಕವಾಗಿ ನಿಲ್ಲಿಸಬೇಕಾ ಅಂತ ಮುಂಚೆಯೇ ಕೇಳಿಟ್ಟುಕೊಳ್ಳಿ.

ವಾರ್ಡ್ ಸಿಸ್ಟರ್
ತೂಕ ನೋಡುವ ಕ್ರಮವನ್ನೂ ಹೇಳಿಬಿಡುತ್ತೇನೆ. ಬೆಳಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದ ಮೇಲೆ, ಏನೂ ತಿನ್ನುವ ಮೊದಲು, ಅದೇ ಯಂತ್ರ, ಅಷ್ಟೇ ಬಟ್ಟೆ. ಬರೆದಿಡಿ. ಒಂದೇ ದಿನಕ್ಕೆ ಒಂದು ಕೆಜಿಗಿಂತ ಹೆಚ್ಚು ಅಥವಾ ವಾರದಲ್ಲಿ ಎರಡು ಕೆಜಿಗಿಂತ ಹೆಚ್ಚು ಏರಿದರೆ ಅದು ಕೊಬ್ಬಲ್ಲ, ನೀರು. ಕಾಲು ಹೇಗೇ ಕಾಣಲಿ, ಡಾಕ್ಟರಿಗೆ ಹೇಳಿ.

ದೊಡ್ಡಮಗಳು
ತೂಕದ ಯಂತ್ರ ಬಂದಿದೆ. ನಿಲ್ಲುವ ಮೊದಲು ಅಪ್ಪ ಜೇಬಿನಲ್ಲಿರುವ ಮೊಬೈಲ್, ಕನ್ನಡಕ ಎಲ್ಲ ತೆಗೆದಿಡುತ್ತಾರೆ. ಟಾರ್ಸಮೈಡ್ ಶುರುವಾದ ಮೇಲೆ 74.2ರಿಂದ 71.8ಕ್ಕೆ ಬಂದಿದ್ದಾರೆ. ಗುಳಿ ಈಗ ಪಾದದ ಗಂಟಿನ ಹತ್ತಿರ ಮಾತ್ರ. ಚಪ್ಪಲಿ ಹಿಡಿಸುತ್ತಿದೆ.

ಒಂದೇ ಒಂದು ತೊಂದರೆ. ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುತ್ತಾರೆ. ಮಾತ್ರೆ ಬೆಳಗ್ಗೆಯೇ ತೆಗೆದುಕೊಳ್ಳುವುದು. ಮತ್ತೆ ರಾತ್ರಿ ಯಾಕೆ?

ವಾರ್ಡ್ ಸಿಸ್ಟರ್
ಹಗಲೆಲ್ಲ ಕಾಲಿಗೆ ಇಳಿದ ನೀರು ಮಲಗಿದ ಮೇಲೆ ವಾಪಸ್ ರಕ್ತಕ್ಕೆ ಬರುತ್ತದೆ, ಕಿಡ್ನಿ ಅದನ್ನು ರಾತ್ರಿ ಹೊರಗೆ ಹಾಕುತ್ತದೆ. ಮಧ್ಯಾಹ್ನ ಕಾಲೆತ್ತಿ ಮಲಗಲಿ ಅಂದೆನಲ್ಲ, ಅದನ್ನು ಸಂಜೆ ನಾಲ್ಕರ ಹೊತ್ತಿಗೆ ಒಂದು ಗಂಟೆ ಮಾಡಿ ನೋಡಿ. ಆ ನೀರಿನಲ್ಲಿ ಸ್ವಲ್ಪ ಮಲಗುವ ಮೊದಲೇ ಹೊರಗೆ ಹೋಗುತ್ತದೆ. ಡಾಕ್ಟರ್ ಒಪ್ಪಿದರೆ ಮಾತ್ರೆಯ ಹೊತ್ತನ್ನೂ ಬೆಳಗ್ಗೆಯಿಂದ ಮಧ್ಯಾಹ್ನದ ಕಡೆಗೆ ತಳ್ಳಬಹುದು. ರಾತ್ರಿ ಶುಗರ್ ಏರುತ್ತದಾ ಅಂತಲೂ ಒಮ್ಮೆ ಪರೀಕ್ಷಿಸಿ, ಏರಿದರೆ ಅದಕ್ಕೂ ಮೂತ್ರ ಬರುತ್ತದೆ. ಮತ್ತೆ ಹಾಸಿಗೆಯಿಂದ ಬಾತ್‌ರೂಮಿನ ತನಕ ಒಂದು ಸಣ್ಣ ದೀಪ ಹಾಕಿಡಿ, ಬಿಪಿ ಇಳಿದಿರುವ ಹೊತ್ತಿನಲ್ಲಿ ಕತ್ತಲೆಯಲ್ಲಿ ಎಡವಿ ಬೀಳುವುದು ಬೇಡ.

ದೊಡ್ಡಮಗಳು
ಸರಿ ಸಿಸ್ಟರ್, ನಾಲ್ಕಕ್ಕೆ ಅಲಾರಂ ಇಟ್ಟೆ. ಎರಡನೇ ರಕ್ತ ಪರೀಕ್ಷೆಯ ವರದಿ ಬಂದ ಮೇಲೆ ಇಲ್ಲೇ ಹಾಕುತ್ತೇನೆ.